ಧಾನ್ಯದ ಬೆಳೆಗಳ ಕೀಟಗಳೂ ಪರೋಪಜೀವಿ ಕಣಜಗಳೂ: ಮೈಸೂರಿನಿಂದ ಗುಜರಾತಿನವರೆಗಿನ ಒಂದು ಚರಿತ್ರೆ

ವೇದಾಂತದ ಚರ್ಚೆಗಳಲ್ಲಿ ಮತ್ತೆ ಮತ್ತೆ ಬರುವ ದೃಷ್ಟಾಂತಗಳಲ್ಲಿ ಕೀಟಭ್ರಮರ ನ್ಯಾಯವೂ ಒಂದು. ಭ್ರಮರವು ಒಂದು ಹುಳುವನ್ನು ಹಿಡಿದು ತಂದು ಮಣ್ಣಿನ ಗೂಡಿನೊಳಗೆ ಸೆರೆಹಾಕುತ್ತದೆ. ಭಯದಿಂದ ಭ್ರಮರವನ್ನೇ ಅನವರತ ಧ್ಯಾನಿಸುತ್ತಿರುವ ಆ ಹುಳು ಕೊನೆಗೆ ತಾನೇ ಭ್ರಮರವಾಗಿ ಹೊರಬರುತ್ತದೆ ಎಂಬುದು ಅದರ ಸಾರ. ಭಾಗವತದಲ್ಲಿ ಈ ಮಾತು ಬರುತ್ತದೆ. ಅದ್ವೈತದ ಪ್ರಕರಣ ಗ್ರಂಥಗಳಿಗೂ ಶರಣರ ವಚನಗಳಿಗೂ ಅದು ಅಪರಿಚಿತವಲ್ಲ. ಈ ದೃಷ್ಟಾಂತವನ್ನು ಮೊದಲು ಕಟ್ಟಿದವನು ಕಂಡದ್ದು ಸುಳ್ಳಲ್ಲ. ಗೂಡಿನೊಳಕ್ಕೆ ಹೋದುದು ಹುಳು, ಹೊರಕ್ಕೆ ಬಂದುದು ಕಣಜ. ನಡುವೆ ನಡೆದುದು ಮಾತ್ರ ಧ್ಯಾನವಲ್ಲ. ತಾಯಿ ಕಣಜವು ಹುಳುವನ್ನು ಕುಟುಕಿ ನಿಶ್ಚೇಷ್ಟಿತಗೊಳಿಸಿ ಗೂಡಿನಲ್ಲಿಟ್ಟು, ಅಲ್ಲಿಯೇ ತನ್ನ ಮೊಟ್ಟೆಯನ್ನೂ ಇರಿಸುತ್ತದೆ. ಮೊಟ್ಟೆಯೊಡೆದು ಬಂದ ಮರಿ ಆ ಹುಳುವನ್ನೇ ಉಂಡು ಬೆಳೆದು ರೆಕ್ಕೆಯೊಡನೆ ಹೊರಗೆ ಬರುತ್ತದೆ.

ಗೂಡು ಕಟ್ಟುವ ಈ ಕಣಜದ ದೂರದ ದಾಯಾದಿಗಳು ಸಾವಿರಾರು ಬಗೆಯವು ಇವೆ. ಅವು ಗೂಡನ್ನು ಕಟ್ಟುವುದಿಲ್ಲ. ಪರಕೀಟದ ದೇಹವೇ, ಅಥವಾ ಅದರ ಮೊಟ್ಟೆಯೇ, ಅವುಗಳಿಗೆ ಗೂಡು. ಇವುಗಳನ್ನು ಕೃಷಿ ಇಲಾಖೆಯ ಪುಸ್ತಿಕೆಗಳು ‘ಪರತಂತ್ರ ಜೀವಿ’ಗಳೆಂದು ಕರೆಯುತ್ತವೆ. ‘ಕಣಜ’ವೆಂಬ ಒಂದೇ ಶಬ್ದ ಕನ್ನಡದಲ್ಲಿ ಧಾನ್ಯವನ್ನು ತುಂಬುವ ಭಂಡಾರಕ್ಕೂ ಈ ಕೀಟಕ್ಕೂ ಸಲ್ಲುವುದು ಭಾಷೆಯ ಆಕಸ್ಮಿಕವೇ ಇರಬೇಕು, ಆದರೆ ಒಂದು ಕಣಜ ತುಂಬುವುದರಲ್ಲಿ ಇನ್ನೊಂದು ಕಣಜದ ಪಾಲೂ ಉಂಟು. ಆ ಪಾಲನ್ನು ಬುದ್ಧಿಪೂರ್ವಕವಾಗಿ ಹೆಚ್ಚಿಸುವ ಪ್ರಯತ್ನ ಕನ್ನಡ ನಾಡಿನಲ್ಲಿ ತೊಂಬತ್ತು ವರ್ಷಗಳಿಗೂ ಹಿಂದಿನದು, ಮತ್ತು ಅದರ ಎಳೆಯೊಂದು ಗುಜರಾತಿನ ಆಣಂದದವರೆಗೆ ಬಂದು ಮುಟ್ಟಿದೆ.

ಮೈಸೂರು ಸಂಸ್ಥಾನದಲ್ಲಿ ಕೀಟಶಾಸ್ತ್ರಕ್ಕೆ ಭದ್ರವಾದ ತಳಹದಿ ಬಿದ್ದುದು 1908ರಲ್ಲಿ, ಕೆನಡ ದೇಶದ ಲೆಸ್ಲಿ ಕೋಲ್ಮನ್ ಅವರು ಬಂದ ಮೇಲೆ. ಜೋಳದ ಹೊಲಗಳನ್ನು ಬೋಳಾಗಿಸುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯ ಮೇಲೆ ಅವರು 1911ರಲ್ಲಿ ಪ್ರಕಟಿಸಿದ ಪುಸ್ತಿಕೆ ಧಾನ್ಯದ ಕೀಟಗಳನ್ನು ಕುರಿತು ಸಂಸ್ಥಾನ ಕೈಕೊಂಡ ಮೊದಲ ಅಧ್ಯಯನಗಳಲ್ಲಿ ಒಂದು. ಆ ಮಿಡತೆಯ ಕುಲಕ್ಕೆ ಶಾಸ್ತ್ರಜ್ಞರು ಕೋಲ್ಮನ್ನರ ಹೆಸರನ್ನೇ ಇಟ್ಟಿದ್ದಾರೆ. ಅವರ ಕೈಕೆಳಗೆ ಪಳಗಿದ ಕುಂಞಿಕಣ್ಣನ್ ಅವರು ಸಂಸ್ಥಾನದ ಕೀಟಶಾಸ್ತ್ರಜ್ಞರಾಗಿ 1931ರಲ್ಲಿ ತೀರಿಕೊಳ್ಳುವವರೆಗೆ ದುಡಿದರು. ಇವರ ಕಾಲದಲ್ಲಿ ಹುಳುವಿಗೆ ಮದ್ದೆಂದರೆ ಬಲೆ, ಉಳುಮೆ, ಕೈಯಲ್ಲಿ ಆರಿಸುವುದು, ಕೆಲವೊಮ್ಮೆ ಶಂಖಪಾಷಾಣ. ಅದೇ ಸುಮಾರಿನಲ್ಲಿ ಪಡುವಣ ಕರಾವಳಿಯಲ್ಲಿ, ತೆಂಗಿನ ಗರಿಯನ್ನು ತಿನ್ನುವ ಕಪ್ಪುತಲೆಯ ಹುಳುವಿನ ಮೇಲೆ ಪರೋಪಜೀವಿಗಳನ್ನು ಬೆಳೆಸಿ ಬಿಡುವ ಕೆಲಸ ಮದರಾಸು ಪ್ರಾಂತದ ಇಲಾಖೆಯಿಂದ ನಡೆಯುತ್ತಿತ್ತು.

ಕನ್ನಂಬಾಡಿಯ ನೀರು ಮಂಡ್ಯದ ಬಯಲಿಗೆ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಪರಿಸ್ಥಿತಿ ಬದಲಾಯಿತು. ರಾಗಿ ಜೋಳಗಳಿದ್ದೆಡೆ ಕಬ್ಬು ಬಂತು. ಕಬ್ಬು ಧಾನ್ಯವಲ್ಲದಿದ್ದರೂ ಹುಲ್ಲಿನ ಜಾತಿಯೇ. ಜೋಳ, ಭತ್ತ, ಕಬ್ಬುಗಳ ಕಾಂಡವನ್ನು ಕೊರೆಯುವ ಹುಳುಗಳು ಒಂದೇ ಮನೆತನಕ್ಕೆ ಸೇರಿದುವು. ಕಾಂಡದೊಳಗೆ ಸೇರಿಕೊಂಡ ಹುಳುವಿಗೆ ಯಾವ ಪುಡಿಯೂ ತಾಗುವುದಿಲ್ಲ. ಅದು ಒಳಕ್ಕೆ ಹೋಗುವ ಮೊದಲೇ, ಅಂದರೆ ಎಲೆಯ ಮೇಲೆ ಮೊಟ್ಟೆಯಾಗಿರುವಾಗಲೇ, ಅದನ್ನು ಮುಗಿಸಬೇಕು. ಇದಕ್ಕೆ ತಕ್ಕ ಪ್ರಾಣಿ ಟ್ರೈಕೋಗ್ರಾಮ ಎಂಬ ಕಣಜ. ಅದರ ಉದ್ದ ಅರ್ಧ ಮಿಲಿಮೀಟರಿನ ಆಸುಪಾಸು; ಸಾಸಿವೆಯ ಕಾಳಿನ ಮುಂದೆಯೂ ಅದು ಅಲ್ಪ. ಪತಂಗದ ಮೊಟ್ಟೆಯನ್ನು ಕಂಡರೆ ಅದು ಮೇಲೆ ಹತ್ತಿ, ಮೀಸೆಗಳಿಂದ ತಟ್ಟಿ ಅಳೆದು, ಸಿಪ್ಪೆಯನ್ನು ಚುಚ್ಚಿ ತನ್ನ ಮೊಟ್ಟೆಯನ್ನು ಒಳಗಿಡುತ್ತದೆ. ಮೂರು ನಾಲ್ಕು ದಿನಗಳಲ್ಲಿ ಪತಂಗದ ಮೊಟ್ಟೆ ಕಪ್ಪಾಗುತ್ತದೆ. ಎಂಟು ಹತ್ತು ದಿನಗಳೊಳಗೆ ಅದರಿಂದ ಹುಳುವಿಗೆ ಬದಲಾಗಿ ಹೊಸ ಕಣಜ ಹೊರಬೀಳುತ್ತದೆ.

ಇಂಥ ಕಣಜವನ್ನು ಲಕ್ಷಗಟ್ಟಲೆ ಬೆಳೆಸುವ ಉಪಾಯವನ್ನು 1920ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಫ್ಲಾಂಡರ್ಸ್ ಎಂಬ ವಿದ್ವಾಂಸರು ಕಂಡುಹಿಡಿದರು. ಹೊಲದ ಪತಂಗವನ್ನು ಸಾಕುವುದು ಕಷ್ಟ. ಆದರೆ ಉಗ್ರಾಣದ ಧಾನ್ಯಕ್ಕೆ ಹತ್ತುವ ಪತಂಗವನ್ನು ಡಬ್ಬದಲ್ಲಿ ಕಾಳು ಹಾಕಿ ಸಾಕಬಹುದು, ಅದರ ಮೊಟ್ಟೆಯನ್ನೇ ಕಣಜಕ್ಕೆ ಒಡ್ಡಬಹುದು ಎಂಬುದು ಅವರ ಯುಕ್ತಿ. ಭಾರತದಲ್ಲಿ ಇದಕ್ಕೆ ಒದಗಿದುದು ಅಕ್ಕಿಯ ಪತಂಗ, ಶಾಸ್ತ್ರದಲ್ಲಿ ಕಾರ್ಸಿರ. ಗೃಹಿಣಿಯರು ಅಕ್ಕಿಯ ಡಬ್ಬದಲ್ಲಿ ಬಲೆಕಟ್ಟಿದುದನ್ನು ಕಂಡು ಬೈದು ಬಿಸಿಲಿಗೆ ಹಾಕುವುದು ಈ ಹುಳುವಿನ ಸಲುವಾಗಿಯೇ. ನುಚ್ಚುಜೋಳವನ್ನೋ ಸಜ್ಜೆಯನ್ನೋ ಉಣಿಸಿ ಅದನ್ನೇ ಸಾಕುವುದು, ಅದರ ಮೊಟ್ಟೆಗಳನ್ನು ಅಂಟು ಸವರಿದ ಕಾಗದಕ್ಕೆ ಹಚ್ಚುವುದು, ಕಣಜಗಳಿರುವ ಗಾಜಿನ ಕೊಳವೆಯಲ್ಲಿ ಆ ಕಾಗದವನ್ನಿಡುವುದು: ಉಗ್ರಾಣದ ಕಳ್ಳನನ್ನು ಸಾಕಿ ಹೊಲದ ಕಳ್ಳನನ್ನು ಹಿಡಿಯುವ ಈ ವಿಧಾನವೇ ಸಣ್ಣಪುಟ್ಟ ಸುಧಾರಣೆಗಳೊಡನೆ ಇಂದಿಗೂ ನಡೆದುಬಂದಿದೆ. ಒಂದು ಘನ ಸೆಂಟಿಮೀಟರಿನಷ್ಟು ಕಾರ್ಸಿರದ ಮೊಟ್ಟೆಗಳಲ್ಲಿ ಹದಿನಾರು ಹದಿನೆಂಟು ಸಾವಿರ ಮೊಟ್ಟೆಗಳಿರುತ್ತವೆ ಎಂದರೆ ಕೆಲಸದ ಪ್ರಮಾಣ ತಿಳಿಯಬಹುದು.

ಮೈಸೂರಿನಲ್ಲಿ ಟಿ. ವಿ. ಸುಬ್ರಹ್ಮಣ್ಯಂ ಅವರು ಕಬ್ಬಿನ ಕೊರಕಗಳ ಮೇಲೆ ಬಿಡುವುದಕ್ಕಾಗಿ ಟ್ರೈಕೋಗ್ರಾಮವನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸುವ ಪ್ರಾಥಮಿಕ ಪ್ರಯೋಗಗಳನ್ನು ನಡೆಸಿ, 1937ರಲ್ಲಿ ಭಾರತೀಯ ಕೃಷಿ ವಿಜ್ಞಾನ ಪತ್ರಿಕೆಯಲ್ಲಿ ವರದಿಯನ್ನು ಪ್ರಕಟಿಸಿದರು. ಭಾರತದಲ್ಲಿ ಈ ಬಗೆಯ ಮೊತ್ತಮೊದಲ ಕೆಲಸಗಳಲ್ಲಿ ಅದಕ್ಕೆ ಸ್ಥಾನವುಂಟು. ಆಮೇಲೆ ದೇಶದ ಬೇರೆ ಬೇರೆ ಕಬ್ಬಿನ ಸೀಮೆಗಳಲ್ಲಿ ಇಂಥ ಪ್ರಯೋಗಗಳು ನಡೆದುವು. ಫಲ ಮಾತ್ರ ಒಂದೇ ತೆರನಾಗಿರಲಿಲ್ಲ. ಒಂದು ಕಡೆ ಉಪಯೋಗವಾಯಿತೆಂದರು, ಇನ್ನೊಂದು ಕಡೆ ಬಿಟ್ಟ ಹೊಲಕ್ಕೂ ಬಿಡದ ಹೊಲಕ್ಕೂ ವ್ಯತ್ಯಾಸವಿಲ್ಲವೆಂದರು. ಎರಡನೆಯ ಮಹಾಯುದ್ಧ ಮುಗಿದು ಡಿ.ಡಿ.ಟಿ., ಬಿ.ಎಚ್.ಸಿ. ಪುಡಿಗಳು ಅಗ್ಗವಾಗಿ ದೊರೆಯತೊಡಗಿದಾಗ, ಕಣಜದ ಕೊಳವೆಗಳ ಮುಂದೆ ಕುಳಿತು ಕಣ್ಣು ನೋಯಿಸಿಕೊಳ್ಳುವ ತಾಳ್ಮೆ ಅನೇಕರಿಗೆ ಉಳಿಯಲಿಲ್ಲ.

ಈ ಗೊಂದಲಕ್ಕೆ ಒಂದು ಕಾರಣ ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಅದು ಹೆಸರಿನ ಕಾರಣ. 1930ರ ದಶಕದಲ್ಲಿ ಭಾರತದ ಟ್ರೈಕೋಗ್ರಾಮವನ್ನು ಅಮೆರಿಕದ ‘ಮೈನ್ಯೂಟಮ್’ ಜಾತಿಯೆಂದು ತಿಳಿದಿದ್ದರು. ಆಮೇಲೆ ಅದನ್ನು ಯೂರೋಪಿನ ‘ಇವಾನೆಸೆನ್ಸ್’ ಎಂದರು, ಅನಂತರ ‘ಆಸ್ಟ್ರೇಲಿಕಮ್’ ಎಂದರು. ಅರ್ಧ ಮಿಲಿಮೀಟರಿನ ಪ್ರಾಣಿಯಲ್ಲಿ ಬಣ್ಣ ಹವೆಗೆ ತಕ್ಕಂತೆ ಬದಲಾಗುತ್ತದೆ, ಗಾತ್ರ ತಾನು ಬೆಳೆದ ಮೊಟ್ಟೆಯನ್ನು ಅನುಸರಿಸುತ್ತದೆ; ಅವುಗಳನ್ನು ನಂಬಿದವರು ತಪ್ಪಿದುದು ಆಶ್ಚರ್ಯವಲ್ಲ. ಆದರೆ ಅಮೆರಿಕದ ಜಾತಿಯ ಹೆಸರು ಹೊತ್ತ ಕೂಡಲೆ, ಅಲ್ಲಿ ಕಂಡುಬಂದ ಗುಣವನ್ನೆಲ್ಲ ಇಲ್ಲಿಯದರಲ್ಲಿಯೂ ನಿರೀಕ್ಷಿಸುವುದು ಸಹಜವಾಯಿತು. ಯಾವ ಪ್ರಾಣಿಯನ್ನು ಸಾಕಿದೆವು, ಯಾವುದನ್ನು ಬಿಟ್ಟೆವು ಎಂಬುದೇ ಖಚಿತವಿಲ್ಲದ ಮೇಲೆ ಒಂದು ಪ್ರಯೋಗವನ್ನು ಇನ್ನೊಂದರೊಡನೆ ತೂಗುವುದೆಂತು?

ಇದನ್ನು ಬಿಡಿಸಿದುದು ಬೆಂಗಳೂರು. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತ ಶಾಖೆ 1957ರಲ್ಲಿ ಅಲ್ಲಿ ಸ್ಥಾಪನೆಯಾಗಿತ್ತು. ಆ ಶಾಖೆಯ ಎಚ್. ನಾಗರಾಜ ಮತ್ತು ಸುಧಾ ನಾಗರಕಟ್ಟಿ ಎಂಬ ಇಬ್ಬರು, ಗಂಡು ಕಣಜದ ಜನನೇಂದ್ರಿಯದ ರಚನೆಯೇ ಜಾತಿಯನ್ನು ಗುರುತಿಸುವುದಕ್ಕೆ ನಂಬಬಹುದಾದ ಲಕ್ಷಣವೆಂದು, ಹಲವು ಜಾತಿಗಳನ್ನು ಹೊಸದಾಗಿ ವರ್ಣಿಸಿ 1971ರಲ್ಲಿ ತೋರಿಸಿದರು. ಒಂದರೊಡನೆ ಒಂದನ್ನು ಕೂಡಿಸಿ ಸಂತಾನವಾಗುವುದೋ ಇಲ್ಲವೋ ಎಂದು ಪರೀಕ್ಷಿಸಿ ನೋಡಿದರು. ಭಾರತದಲ್ಲಿ ಅಷ್ಟುದಿನ ಪರದೇಶದ ಹೆಸರುಗಳಲ್ಲಿ ಓಡಾಡುತ್ತಿದ್ದ ಸಾಮಾನ್ಯ ಕಣಜ, ಜಪಾನಿನ ಇಷಿಯಿ ಎಂಬವರು 1941ರಲ್ಲಿ ವರ್ಣಿಸಿದ್ದ ‘ಕೈಲೋನಿಸ್’ ಎಂಬುದು 1979ರಲ್ಲಿ ಇವರ ಕೈಯಿಂದಲೇ ನಿರ್ಣಯವಾಯಿತು. 1977ರಲ್ಲಿ ಜಗತ್ತಿನ ಕೀಟಶಾಸ್ತ್ರಜ್ಞರು ಓದುವ ವಾರ್ಷಿಕ ಸಮೀಕ್ಷೆಯಲ್ಲಿ ಈ ವಿಷಯದ ಮೇಲಿನ ಲೇಖನವನ್ನು ಬರೆದವರೂ ಇವರೇ. ಇವರು ಭಾರತದಿಂದ ವರ್ಣಿಸಿದ ಇನ್ನೊಂದು ಜಾತಿ, ‘ಅಕೀಯೆ’ ಎಂಬುದು, ಹಲವು ದಶಕಗಳ ಮೇಲೆ ಸ್ಪೇನಿನ ಟೊಮೇಟೊ ತೋಟಗಳ ರಕ್ಷಣೆಗೆ ಮಾರಾಟದ ಸರಕಾಗಿ ಹೋಯಿತು. ಕನ್ನಡ ನಾಡಿನ ವಿದ್ವತ್ತಿನ ಲೆಕ್ಕದಲ್ಲಿ ಈ ಕೆಲಸಕ್ಕೆ ದೊರೆತಿರುವ ಮನ್ನಣೆ ತೀರ ಕಡಿಮೆ. ಶಾಸನದ ಒಂದು ಅಕ್ಷರವನ್ನು ತಿದ್ದಿ ಓದಿದವರಿಗೆ ಸಲ್ಲುವ ಗೌರವದಲ್ಲಿ ಕಾಲುಪಾಲಾದರೂ ಇವರಿಗೆ ಸಲ್ಲಬೇಕಾಗಿತ್ತು.

ಅದೇ ಶಾಖೆ 1963ರಲ್ಲಿ ನ್ಯೂಗಿನಿಯಿಂದ ಬೇರೊಂದು ಕಣಜವನ್ನು ತರಿಸಿತು: ಟೆಲಿನೋಮಸ್ ರೀಮಸ್. ಇದೂ ಮೊಟ್ಟೆಯನ್ನೇ ಹಿಡಿಯುವ ಕಣಜ. ಮಲಯ ದೇಶದಿಂದ 1937ರಲ್ಲಿ ಮೊದಲು ವರ್ಣಿತವಾದುದು. ತರಿಸಿದುದು ಯಾವ ಧಾನ್ಯಕ್ಕಾಗಿಯೂ ಅಲ್ಲ. ತಂಬಾಕು ಮೊದಲಾದ ಬೆಳೆಗಳ ಎಲೆಯನ್ನು ತಿನ್ನುವ ಸ್ಪೊಡಾಪ್ಟೆರ ಎಂಬ ಹುಳುವಿನ ಮೇಲೆ ಬಿಡುವುದಕ್ಕಾಗಿ. ಈ ಪತಂಗವು ಮೊಟ್ಟೆಗಳನ್ನು ಒಂದರ ಮೇಲೊಂದು ಪದರವಾಗಿ ರಾಶಿಯಿಟ್ಟು, ತನ್ನ ಮೈಯ ರೋಮವನ್ನೇ ಹೊದಿಕೆಯಂತೆ ಮೇಲೆ ಹರಡುತ್ತದೆ. ಟ್ರೈಕೋಗ್ರಾಮ ಹೊರಗಿನ ಪದರವನ್ನು ಮುಟ್ಟಿ ನಿಲ್ಲುತ್ತದೆ. ಟೆಲಿನೋಮಸ್ ರೋಮವನ್ನು ಸೀಳಿಕೊಂಡು ಒಳಪದರದವರೆಗೂ ಹೋಗಬಲ್ಲುದು.

ಇಲ್ಲಿ ಗುಜರಾತು ಕಥೆಯೊಳಗೆ ಬರುತ್ತದೆ. 1956ರವರೆಗೆ ಧಾರವಾಡವೂ ಸೂರತ್ತೂ ಒಂದೇ ಮುಂಬಯಿ ಆಡಳಿತದ ಕೆಳಗಿದ್ದುವೆಂಬುದನ್ನು ಇಲ್ಲಿ ನೆಲೆಸಿರುವ ಕನ್ನಡಿಗರಿಗೆ ನೆನಪಿಸಬೇಕಾಗಿಲ್ಲ. ಧಾರವಾಡದ ಕೃಷಿ ಕಾಲೇಜೂ ಆಣಂದದ ಕೃಷಿ ಕಾಲೇಜೂ ಒಂದೇ ವರ್ಷ, 1947ರಲ್ಲಿ, ಆರಂಭವಾದುವು. ಆಣಂದದ ಸುತ್ತಣ ಚರೋತರ ತಂಬಾಕಿನ ಸೀಮೆ. ಅಲ್ಲಿಯ ಕೀಟಶಾಸ್ತ್ರಜ್ಞರು 1970ರ ದಶಕದಲ್ಲಿ ಟೆಲಿನೋಮಸ್ಸನ್ನೂ ಕೀಲೋನಸ್ ಎಂಬ ಇನ್ನೊಂದು ಕಣಜವನ್ನೂ ಅಧಿಕ ಸಂಖ್ಯೆಯಲ್ಲಿ ಬಿಟ್ಟು ಸ್ಪೊಡಾಪ್ಟೆರದ ಮೇಲೆ ಪರೀಕ್ಷಿಸಿದರು. 1977ರಲ್ಲಿ ಅಖಿಲ ಭಾರತ ಜೈವಿಕ ನಿಯಂತ್ರಣ ಯೋಜನೆ ಮೊದಲಾದ ಮೇಲೆ ಬೆಂಗಳೂರು ಅದರ ನೆಲೆಯಾಯಿತು, ಆಣಂದ ಅದರ ಕೇಂದ್ರಗಳಲ್ಲಿ ಒಂದಾಯಿತು. ಬೆಂಗಳೂರಿನ ಸಂಸ್ಥೆ 1993ರಲ್ಲಿ ನಿರ್ದೇಶನಾಲಯವೆಂದೂ, 2009ರಲ್ಲಿ ಬ್ಯೂರೋ ಎಂದೂ, 2014ರಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂದೂ ಹೆಸರು ಬದಲಿಸಿತು. ಹೆಸರು ಎಷ್ಟು ಸಲ ಬದಲಾದರೂ ಒಳಗಿನ ನಿತ್ಯಕರ್ಮ ಬದಲಾಗಲಿಲ್ಲ: ಕಣಜಗಳ ಸಂತತಿಯನ್ನು ತಲೆಮಾರಿನಿಂದ ತಲೆಮಾರಿಗೆ, ವಾರದಿಂದ ವಾರಕ್ಕೆ, ಕೊಳವೆಗಳಲ್ಲಿ ಜೀವದಿಂದ ಉಳಿಸಿಕೊಂಡು ಬರುವುದು. ಎಂಟು ಹತ್ತು ದಿನಕ್ಕೊಂದು ತಲೆಮಾರು. ಒಂದು ತಲೆಮಾರಿನ ಕಾಲ ಕೈಬಿಟ್ಟರೆ ಸಂತತಿಯೇ ಹೋಯಿತು.

ಧಾನ್ಯದ ಹೊಲದಲ್ಲಿ ಅದುವರೆಗೆ ಏನು ನಡೆಯುತ್ತಿತ್ತು? ಭತ್ತದ ಕಾಂಡಕೊರಕದ ಮೊಟ್ಟೆಗಳನ್ನು ಟೆಟ್ರಾಸ್ಟಿಕಸ್, ಟೆಲಿನೋಮಸ್, ಟ್ರೈಕೋಗ್ರಾಮ ಈ ಮೂರು ಕುಲದ ಕಣಜಗಳೂ, ಕಣೆನೊಣದ ಮರಿಗಳನ್ನು ಪ್ಲಾಟಿಗ್ಯಾಸ್ಟರ್ ಎಂಬ ಕಣಜವೂ ಯಾರೂ ಬಿಡದೆಯೇ ತಿನ್ನುತ್ತಿದ್ದುವು, ಈಗಲೂ ತಿನ್ನುತ್ತಿವೆ. ಔಷಧವನ್ನು ಹೊತ್ತಲ್ಲದ ಹೊತ್ತಿನಲ್ಲಿ ಸಿಂಪಡಿಸಿ ಅವುಗಳನ್ನು ಕೊಲ್ಲದಿರುವುದೇ ಅಲ್ಲಿ ದೊಡ್ಡ ಉಪಕಾರ. ಜೋಳದ ಕಾಂಡಕೊರಕದ ಕಥೆ ಬೇರೆ. ಭಾರತ ಭೂಭಾಗದ ಈ ಹುಳು ಹೇಗೋ ಸಮುದ್ರ ದಾಟಿ 1930ರ ಹೊತ್ತಿಗೆ ಪೂರ್ವ ಆಫ್ರಿಕದಲ್ಲಿ ಕಾಣಿಸಿಕೊಂಡಿತು. ಅಲ್ಲಿಯ ಜೋಳ, ಮುಸುಕಿನ ಜೋಳಗಳನ್ನು ಹಾಳುಮಾಡಿತು. ಅದರ ಹಿಂದೆ ಅದರ ಶತ್ರು ಹೋಗಿರಲಿಲ್ಲ. ಕೊನೆಗೆ ನೈರೋಬಿಯ ಅಂತರರಾಷ್ಟ್ರೀಯ ಕೀಟ ಸಂಸ್ಥೆ ಪಾಕಿಸ್ತಾನದಿಂದ ಕೊಟೇಸಿಯ ಫ್ಲಾವಿಪೆಸ್ ಎಂಬ ಕಣಜವನ್ನು ತರಿಸಿಕೊಂಡು 1993ರಲ್ಲಿ ಕೆನ್ಯದ ಕರಾವಳಿಯಲ್ಲಿ ಬಿಟ್ಟಿತು. ಭಾರತದ ಜೋಳದ ಹೊಲಗಳಲ್ಲಿಯೂ ಸಹಜವಾಗಿರುವ ಈ ಕಣಜ ಕೊರೆದ ಬಿಲದೊಳಕ್ಕೇ ನುಗ್ಗಿ ಹುಳುವಿನ ಮೈಯೊಳಗೆ ಮೊಟ್ಟೆಯಿಡುತ್ತದೆ. ಹುಳುವಿನ ಪಕ್ಕದಲ್ಲಿ ಬಿಳಿಯ ಸಣ್ಣ ಗೂಡುಗಳ ಗೊಂಚಲನ್ನು ಬಿಟ್ಟು ಹಾರಿಹೋಗುತ್ತದೆ. ಕೆನ್ಯದಲ್ಲಿ ಅದು ನೆಲೆಯೂರಿತು, ಕೊರಕದ ಹಾವಳಿ ಗಣನೀಯವಾಗಿ ಇಳಿಯಿತು. ಹುಳು ಹೋದ ಅರುವತ್ತು ವರ್ಷಕ್ಕೆ ಕಣಜ ಹೋದಂತಾಯಿತು.

ಇಪ್ಪತ್ತೈದು ವರ್ಷಗಳ ಮೇಲೆ ಆಫ್ರಿಕದ ದಾರಿಯಿಂದಲೇ ತಿರುಗಿ ಒಂದು ಹುಳು ಬಂತು. ಅಮೆರಿಕ ಖಂಡದ ಸೈನಿಕ ಹುಳು 2016ರಲ್ಲಿ ಪಶ್ಚಿಮ ಮತ್ತು ಮಧ್ಯ ಆಫ್ರಿಕದಲ್ಲಿ ಕಂಡುಬಂದು, ಎರಡೇ ವರ್ಷಗಳಲ್ಲಿ ಭಾರತಕ್ಕೆ ತಲುಪಿತು. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಮಹಾವಿದ್ಯಾಲಯದ ಕೀಟಶಾಸ್ತ್ರಜ್ಞರು ಅದನ್ನು ಮುಸುಕಿನ ಜೋಳದಲ್ಲಿ ಗುರುತಿಸಿದರು. ಏಷ್ಯದಲ್ಲಿಯೇ ಅದು ಮೊದಲ ದಾಖಲೆಗಳಲ್ಲಿ ಒಂದು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದ ಗೆರೆ, ಬಾಲದ ಕಡೆ ಚೌಕವಾಗಿ ನಾಲ್ಕು ಚುಕ್ಕೆ ಅದರ ಗುರುತು. ಸುಳಿಯೊಳಗೆ ಕುಳಿತು ತಿಂದು ಮರದ ಹೊಟ್ಟಿನಂಥ ಹಿಕ್ಕೆಯನ್ನು ರಾಶಿ ಹಾಕುವುದರಿಂದ ಕರ್ನಾಟಕದ ರೈತರು ಅದನ್ನು ‘ಲದ್ದಿಹುಳು’ ಎಂದು ಕರೆದರು. ಶಾಸ್ತ್ರಜ್ಞರ ಹೆಸರಿಗಿಂತ ಇದೇ ಚೊಕ್ಕವಾದುದು. ಒಂದು ಹೆಣ್ಣು ಪತಂಗ ಸಾವಿರ ಸಾವಿರದೈನೂರು ಮೊಟ್ಟೆಯಿಡಬಲ್ಲುದು, ಗಾಳಿ ಅನುಕೂಲವಾದರೆ ಒಂದೇ ರಾತ್ರಿ ನೂರು ಕಿಲೋಮೀಟರು ಹಾರಬಲ್ಲುದು. ಅದೇ 2018ರಲ್ಲಿಯೇ ಆಣಂದದ ಕೃಷಿ ವಿಶ್ವವಿದ್ಯಾಲಯದವರು ಗುಜರಾತಿನ ಹೊಲಗಳಲ್ಲಿಯೂ ಅದನ್ನು ಕಂಡು ವರದಿಮಾಡಿದರು.

ದಾವಣಗೆರೆ ಹಾವೇರಿಗಳಲ್ಲಿ ಮುಸುಕಿನ ಜೋಳ ಮಾರುಕಟ್ಟೆಯ ಬೆಳೆ. ಹೆಚ್ಚಿನ ಪಾಲು ಕೋಳಿಯ ಆಹಾರಕ್ಕೆ ಹೋಗುತ್ತದೆ. ದಾಹೋದ, ಪಂಚಮಹಾಲಗಳ ಆದಿವಾಸಿ ಮನೆಗಳಲ್ಲಿ ಅದು ಹಾಗಲ್ಲ. ಅಲ್ಲಿ ‘ಮಕಾಯಿ’ಯೇ ದಿನದ ರೊಟ್ಟಿ. ಅದೇ ಸೀಮೆಯ ಗೋಧ್ರಾದಲ್ಲಿ ಈ ಬೆಳೆಗಾಗಿಯೇ ಒಂದು ಸಂಶೋಧನ ಕೇಂದ್ರವಿರುವುದೂ ಅದರಿಂದಲೇ. ಮಳೆಗಾಲದಲ್ಲಿ ಬಡೋದೆಯ ಆಲ್ಕಾಪುರಿಯ ಬೀದಿಬದಿಯಲ್ಲಿ ನಿಂಬೆ, ಉಪ್ಪುಖಾರ ಸವರಿದ ಸುಟ್ಟ ತೆನೆಯನ್ನು ತಿನ್ನುವ ಕನ್ನಡಿಗರಲ್ಲಿ ಹಳೆಯ ಮೈಸೂರಿನವರು ಅದನ್ನು ಮುಸುಕಿನ ಜೋಳವೆಂದೂ ಉತ್ತರದವರು ಗೋವಿನ ಜೋಳವೆಂದೂ ಕರೆದು ಪರಸ್ಪರ ತಿದ್ದಿಕೊಳ್ಳುವುದುಂಟು. ಪಟ್ಟಣಿಗನಿಗೆ ಅದು ಸಂಜೆಯ ತಿನಿಸು. ಗುಡ್ಡದ ಮೇಲಿನ ಎರಡು ಎಕರೆಯವನಿಗೆ ಹುಳು ಬಿದ್ದ ವರ್ಷ ಉಣ್ಣುವುದಕ್ಕೆ ಬೇರೆ ಗತಿಯಿಲ್ಲ. ಆತ ಸುಳಿಗೆ ಮರಳನ್ನೋ ಬೂದಿಯನ್ನೋ ಹಾಕಿ ನೋಡುತ್ತಾನೆ. ತೌಡು ಬೆಲ್ಲಗಳನ್ನು ಹುಳಿಯಿಸಿ ವಿಷ ಬೆರೆಸಿದ ಉಂಡೆಯನ್ನಿಡುತ್ತಾನೆ. ಸಾಲ ದೊರೆತರೆ ಎಮಾಮೆಕ್ಟಿನ್ ಬೆಂಜೊಯೇಟ್ ಸಿಂಪಡಿಸುತ್ತಾನೆ.

ಈ ಹುಳುವಿನ ಶತ್ರುಗಳನ್ನು ಹುಡುಕಿಕೊಂಡು ಬೆಂಗಳೂರಿನ ವಿಜ್ಞಾನಿಗಳು 2018ರಲ್ಲಿಯೇ ಕರ್ನಾಟಕದ ಹೊಲಗಳಿಗೆ ಇಳಿದಾಗ, ಬಂದು ಕೆಲವೇ ತಿಂಗಳಾದ ಅತಿಥಿಯ ಮೊಟ್ಟೆಗಳೊಳಗೆ ಟೆಲಿನೋಮಸ್ ಮತ್ತು ಟ್ರೈಕೋಗ್ರಾಮ ಕುಲದ ಕಣಜಗಳು ಆಗಲೇ ಸೇರಿದ್ದುವು. ಹುಳುಗಳ ಮೈಯಲ್ಲಿ ಕ್ಯಾಂಪೊಲೆಟಿಸ್ ಎಂಬ ಕಣಜ ದೊರೆಯಿತು; ಕಡಲೆಯ ಕಾಯಿಕೊರಕದ ಮೇಲೆ ಬದುಕುವುದೆಂದು ಹೆಸರಾಗಿದ್ದ ದೇಶೀಯ ಪ್ರಾಣಿ ಅದು. ಸೈನಿಕ ಹುಳುವೂ ತಂಬಾಕಿನ ಹುಳುವಿನಂತೆ ಸ್ಪೊಡಾಪ್ಟೆರ ಕುಲದ್ದೇ. ರೋಮ ಹೊದಿಸಿದ ಪದರ ಪದರದ ಮೊಟ್ಟೆರಾಶಿಯೇ ಅದರದೂ. ಆದುದರಿಂದ 1963ರಲ್ಲಿ ಬೇರೆ ಬೆಳೆಗಾಗಿ ತಂದಿದ್ದ ಟೆಲಿನೋಮಸ್ ರೀಮಸ್ಸಿನ ಮಹತ್ವ ಐವತ್ತೈದು ವರ್ಷಗಳ ಮೇಲೆ ಥಟ್ಟನೆ ಹೆಚ್ಚಿತು. ವೆನೆಜುವೆಲದಲ್ಲಿ ಇದೇ ಹುಳುವಿನ ಮೇಲೆ ಇದೇ ಕಣಜವನ್ನು ಬಿಟ್ಟು ಒಳ್ಳೆಯ ಫಲ ಕಂಡಿದ್ದರು. ಆಫ್ರಿಕದಲ್ಲಿ ಬೆನಿನ್, ನೈಜರ್, ಕೆನ್ಯ, ದಕ್ಷಿಣ ಆಫ್ರಿಕಗಳಲ್ಲಿ ಅದು ಆಗಲೇ ಇರುವುದು 2019ರಲ್ಲಿ ಪ್ರಕಟವಾಯಿತು. ಎಕರೆಗೆ 50,000ದಂತೆ ಟ್ರೈಕೋಗ್ರಾಮ ಪ್ರೀಟಿಯೋಸಮ್ ಅಥವಾ ಟೆಲಿನೋಮಸ್ ರೀಮಸ್ಸನ್ನು ವಾರಕ್ಕೊಮ್ಮೆ ಬಿಡಬೇಕೆಂಬುದು ಸರಕಾರದ ಸಲಹೆಯಲ್ಲಿ ಸೇರಿತು.

ಸಲಹೆಗೂ ಹೊಲಕ್ಕೂ ನಡುವೆ ದೂರ ಬಹಳ. ಟ್ರೈಕೋಗ್ರಾಮವನ್ನು ಕಾರ್ಸಿರದ ಮೇಲೆ ಅಗ್ಗವಾಗಿ ಬೆಳೆಸಬಹುದು. ಟೆಲಿನೋಮಸ್ಸಿಗೆ ಮುಖ್ಯವಾಗಿ ಸ್ಪೊಡಾಪ್ಟೆರ ಕುಲದ ಮೊಟ್ಟೆಯೇ ಬೇಕು; ಸೈನಿಕ ಹುಳುಗಳನ್ನೇ ಸಾಕೋಣವೆಂದರೆ ಅವು ಒಂದನ್ನೊಂದು ತಿನ್ನುವುದರಿಂದ ಬೇರೆ ಬೇರೆ ಕೋಣೆಗಳಲ್ಲಿಡಬೇಕಾಗುತ್ತದೆ. ಅಂದರೆ ಹೆಚ್ಚು ಯೋಗ್ಯವಾದುದೇ ಹೆಚ್ಚು ದುಬಾರಿ. ಮೇಲಾಗಿ ಕಣಜ ಬಾಟಲಿಯ ಔಷಧದಂತೆ ಅಂಗಡಿಯ ಹಲಗೆಯ ಮೇಲೆ ಎರಡು ವರ್ಷ ಕೂಡುವ ಸರಕಲ್ಲ. ತಂಪುಪೆಟ್ಟಿಗೆಯಲ್ಲಿ ಕೆಲವು ದಿನ ತಡೆಹಿಡಿಯಬಹುದು. ಆಮೇಲೆ ಅದು ಹೊರಬಂದೇ ತೀರುತ್ತದೆ, ಬಸ್ಸಿನಲ್ಲಿರಲಿ ಹೊಲದಲ್ಲಿರಲಿ. ಜೂನ್ ತಿಂಗಳ ಗುಜ್ಜರ ಬಿಸಿಲಿನಲ್ಲಿ ತಗಡಿನ ಪೆಟ್ಟಿಗೆಯೊಳಗೆ ಅದು ಉಳಿಯುವುದಿಲ್ಲ. ಬೆಂಗಳೂರಿನಲ್ಲಿ 1981ರಲ್ಲಿಯೇ ಖಾಸಗಿ ಕಂಪನಿಯೊಂದು ಇಂಥ ಕೀಟಗಳನ್ನು ವ್ಯಾಪಾರಕ್ಕಾಗಿ ಬೆಳೆಸಲು ಮುಂದಾಯಿತಾದರೂ, ಗಿರಾಕಿ ಬೇಕೆಂದ ದಿನವೇ ಸರಕು ಹುಟ್ಟಬೇಕಾದ ಈ ವ್ಯಾಪಾರ ಕೀಟನಾಶಕದ ವ್ಯಾಪಾರದಂತೆ ಎಂದೂ ಬೆಳೆಯಲಿಲ್ಲ.

ರೈತನ ಸಂಶಯಕ್ಕೂ ಕಾರಣವಿಲ್ಲದೆ ಇಲ್ಲ. ವಿಷ ಸಿಂಪಡಿಸಿದ ಸಂಜೆ ಸತ್ತ ಹುಳುಗಳು ಕಾಣುತ್ತವೆ. ಕಣಜ ಬಿಟ್ಟ ಹೊಲದಲ್ಲಿ ಕಾಣುವುದೇನು? ಹುಟ್ಟದ ಹುಳುವನ್ನು ಎಣಿಸಿ ತೋರಿಸುವವರಾರು? ವಿಷವನ್ನೂ ಕಣಜವನ್ನೂ ಒಂದೇ ವಾರದಲ್ಲಿ ಬಳಸಿದರೆ ಮೊದಲು ಸಾಯುವುದು ಕಣಜ. ಆಮೇಲೆ ಅದು ನಿಷ್ಪ್ರಯೋಜಕವೆಂಬ ಅಪವಾದವೂ ಅದರ ಪಾಲಿಗೇ. 1930ರ ದಶಕದಲ್ಲಿ ಮಂಡ್ಯದ ಕಬ್ಬಿಗೆ ಎದ್ದ ಪ್ರಶ್ನೆಗಳಲ್ಲಿ ಹೆಸರಿನ ಪ್ರಶ್ನೆ ಬೆಂಗಳೂರಿನಲ್ಲಿ ಬಗೆಹರಿಯಿತು. ಸಾಗಣೆಯ ಪ್ರಶ್ನೆ ಹಾಗೆಯೇ ಇದೆ, ಅದು ಕೀಟಶಾಸ್ತ್ರದ ಪ್ರಶ್ನೆಯೂ ಅಲ್ಲ. ತಾಲ್ಲೂಕಿಗೊಂದು ಸಣ್ಣ ಸಾಕಣೆಯ ಕೋಣೆ, ಅದರಲ್ಲಿ ವರ್ಷವಿಡೀ ಸಂಬಳ ದೊರೆಯುವ ಇಬ್ಬರು ಇದ್ದಲ್ಲಿ ಕಣಜ ಸಕಾಲಕ್ಕೆ ಹೊಲ ಸೇರುತ್ತದೆ. ಹುಳು ಬಿದ್ದ ಮೇಲೆ ಅನುದಾನ ಬಿಡುಗಡೆಯಾಗುವ ಪದ್ಧತಿಯಲ್ಲಿ ಸೇರುವುದಿಲ್ಲ. ಸಂತತಿ ಬೆಳೆಸಲು ಬೇಕಾದ ವಾರಗಳೊಳಗೆ ಲದ್ದಿಹುಳು ಸುಳಿಯನ್ನು ಸೇರಿರುತ್ತದೆ.

ಕಾಗದ ಹೊಲಕ್ಕೆ ಬಂದರೆ ಮುಂದಿನ ಕೆಲಸ ಅಲ್ಪ. ಕಪ್ಪಾದ ಮೊಟ್ಟೆಗಳಿರುವ ಅಂಗೈಯಗಲದ ಅದನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಇರುವೆ ಮುಟ್ಟದಂತೆ, ಬಿಸಿಲು ತಾಗದಂತೆ, ಸಂಜೆಯ ಹೊತ್ತಿಗೆ ಎಲೆಯ ಅಡಿಯಲ್ಲಿ ಸಿಕ್ಕಿಸುತ್ತಾರೆ. ಬೆಳಗಾಗುವಾಗ ಕಣಜಗಳು ಹೊರಬೀಳತೊಡಗುತ್ತವೆ. ಎರಡು ಮೂರು ದಿನ ಕಳೆದು ಹೋಗಿ ನೋಡಿದರೆ ಕಾಗದದ ಮೇಲೆ ಒಂದೊಂದು ತೂತು ಬಿದ್ದ ಕರಿಯ ಸಿಪ್ಪೆಗಳು ಮಾತ್ರ ಉಳಿದಿರುತ್ತವೆ.